ಹಿಂದಿನಿಂದ ಗರಗರ ಸದ್ದು: ಪ್ಯಾಡ್, ಡಿಸ್ಕ್, ಬೇರಿಂಗ್ ಎಲ್ಲ ಬದಲಿಸಿದರೂ ಹೋಗುತ್ತಿಲ್ಲ

ಹಿಂಚಕ್ರ

ನಾಲ್ಕು ತಿಂಗಳಿಂದ ಒಂದು ಸದ್ದಿನ ಬೆನ್ನು ಹತ್ತಿದ್ದೇನೆ. ಇನ್ನು ನನಗೆ ದಾರಿ ಕಾಣುತ್ತಿಲ್ಲ, ದಯವಿಟ್ಟು ಯಾರಾದರೂ ನೆರವಾಗಿ.

ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಡ್ರೈವ್ ಹಿಂದಿನ ಚಕ್ರಕ್ಕೆ, 6 ಗೇರಿನ ಮ್ಯಾನುವಲ್. ಹಿಂದೆ ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಕ್ಕೆ ಹಂಚುವ, ಒಂದೇ ಚಕ್ರ ಸುಮ್ಮನೆ ಗಿರಕಿ ಹೊಡೆಯದಂತೆ ತಡೆಯುವ ಗೇರಿನ ಜೋಡಣೆ), ರೇಷಿಯೋ 4.1. ನಾಲ್ಕೂ ಚಕ್ರಕ್ಕೆ 225/45 ಆರ್17 ಟೈರ್. ಸೆಕೆಂಡ್ ಹ್ಯಾಂಡ್ ತಗೊಂಡು ಮೂರು ವರ್ಷವಾಯಿತು, ಈಗ 96,000 ಕಿ.ಮೀ. ಆಗಿದೆ.

ಸದ್ದು ಬೀಸುಕಲ್ಲು ತಿರುಗಿಸಿದ ಹಾಗೆ ಬರುತ್ತದೆ. 40 ದಾಟಿದ ಮೇಲೆ ಶುರುವಾಗಿ 70-80ರಲ್ಲಿ ಮಾತಾಡುವುದೇ ಕಷ್ಟವಾಗುವಷ್ಟು ಜೋರು. ಮೊದಲು ಹಿಂದಿನ ಪ್ಯಾಡ್ ಹಾಕಿಸಿದೆ, ಹೋಗಲಿಲ್ಲ. ಡಿಸ್ಕ್ ಹಾಕಿಸಿದೆ, ಹೋಗಲಿಲ್ಲ. ಐದು ವಾರದ ಹಿಂದೆ ಬಲಗಡೆ ಹಿಂದಿನ ಬೇರಿಂಗ್ ಬದಲಿಸಿದರು, ಆಗಲೂ ಹೋಗಲಿಲ್ಲ. ಈಗ ಗ್ಯಾರೇಜಿನವರು "ಕ್ರೌನ್-ಪಿನಿಯನ್ ಹೋಗಿದೆ, ಡಿಫರೆನ್ಷಿಯಲ್ ಪೂರ್ತಿ ಇಳಿಸಬೇಕು" ಅಂತಿದ್ದಾರೆ. ಕ್ರೌನ್-ಪಿನಿಯನ್ ಅಂದರೆ ಅದರೊಳಗಿನ ದೊಡ್ಡ, ಚಿಕ್ಕ ಗೇರಿನ ಜೋಡಿ. ಒಪ್ಪಿಕೊಳ್ಳಲಾ?

ನೇರಮಾತು

ಡಿಫರೆನ್ಷಿಯಲ್ಲೇ. ನನ್ನದಕ್ಕೂ ಇದೇ ಆಗಿತ್ತು. ತಡ ಮಾಡಬೇಡಿ.

ಗ್ರೀಸ್‌ಕೈ

ಡಿಫರೆನ್ಷಿಯಲ್ ಇಳಿಸೋಕೆ ಮುಂಚೆ ಸ್ವಲ್ಪ ತಡೀರಿ ಸರ್. ಇಷ್ಟೊತ್ತಿಗೆ ಮೂರು ಪಾರ್ಟ್ ಬದಲಾಗಿದೆ, ಆದ್ರೆ ಸದ್ದು ಯಾವಾಗ ಬರುತ್ತೆ ಯಾವಾಗ ಬರಲ್ಲ ಅನ್ನೋದನ್ನ ಯಾರೂ ಕೂತು ಕೇಳಿದ ಹಾಗೆ ಕಾಣ್ತಿಲ್ಲ.

80ರಲ್ಲಿ ಹೋಗ್ತಾ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಸದ್ದು ಹಾಗೇ ಇದ್ರೆ ಎಂಜಿನ್ನು, ಕ್ಲಚ್ಚು ಪಟ್ಟಿಯಿಂದ ಹೊರಗೆ ಹೋದವು. ಆಮೇಲೆ ಗೇರಲ್ಲೇ ಇಟ್ಕೊಂಡು ಆಕ್ಸಿಲರೇಟರ್ ಒಂದ್ಸಲ ಒತ್ತಿ, ಒಂದ್ಸಲ ಬಿಡಿ. ಇದು ಮುಖ್ಯ. ಒತ್ತಿದಾಗ ಕ್ರೌನ್ ವೀಲಿನ ಹಲ್ಲಿನ ಒಂದು ಮುಖ ಕೆಲಸ ಮಾಡುತ್ತೆ, ಬಿಟ್ಟಾಗ ಇನ್ನೊಂದು ಮುಖ. ಹಲ್ಲು ಸವೆದಿದ್ರೆ ಎರಡೂ ಸಲ ಒಂದೇ ಸದ್ದು ಬರೋದು ಅಪರೂಪ. ಜೊತೆಗೆ ಅದು ಗರಗರ ಅನ್ನೋದಕ್ಕಿಂತ ಗುಂಯ್ ಅಂತ ಕೂಗೋದೇ ಹೆಚ್ಚು.

ಬ್ರೇಕ್ ಒತ್ತಿದಾಗ ಏನಾಗುತ್ತೆ? ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದಾಗ ಏನಾಗುತ್ತೆ? ಇದನ್ನ ಖಾಲಿ ರಸ್ತೇಲಿ, 20ರ ಒಳಗೆ, ಗುಂಡಿ ಒತ್ತಿ ಹಿಡ್ಕೊಂಡೇ ಮಾಡಿ. ಉದ್ದ ತಿರುವಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆಯಾ?

ಇಷ್ಟಕ್ಕೆ ಉತ್ತರ ಕೊಡಿ, ಅರ್ಧ ಕೆಲಸ ಮುಗೀತು.

ಅಲೈನ್‌ಮೆಂಟ್ ಅಕ್ಕ

ಟೈರ್ ಯಾರೂ ನೋಡಿಲ್ಲವಲ್ಲ! ಹಿಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಟೈರಿನ ಬ್ಲಾಕುಗಳು ಗರಗಸದ ಹಲ್ಲಿನ ಹಾಗೆ ಸವೆಯುತ್ತವೆ. ಅಂಗೈಯನ್ನು ಟೈರಿನ ಮೇಲೆ ಮುಂದಿನಿಂದ ಹಿಂದಕ್ಕೆ ಸವರಿ, ಆಮೇಲೆ ಹಿಂದಿನಿಂದ ಮುಂದಕ್ಕೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಕೈಗೆ ತಾಗುತ್ತದೆ ಅಂದರೆ ಅದೇ. ಈ ಸದ್ದೂ ಬೇರಿಂಗಿನ ಸದ್ದೂ ಅಣ್ಣತಮ್ಮ ಇದ್ದ ಹಾಗೆ, ಅನುಭವ ಇದ್ದವರೂ ಮೋಸ ಹೋಗುತ್ತಾರೆ.

ಇನ್ನೊಂದು ಗುರುತು: ಹೊಸ ಡಾಂಬರಿನಿಂದ ಒರಟು ಕಾಂಕ್ರೀಟಿಗೆ ಬಂದ ತಕ್ಷಣ ಸದ್ದಿನ ಬಣ್ಣವೇ ಬದಲಾದರೆ ಟೈರ್. ರಸ್ತೆ ಯಾವುದಾದರೂ ಹಾಗೇ ಇದ್ದರೆ ಟೈರ್ ಅಲ್ಲ. ನಿಮ್ಮದು ನಾಲ್ಕೂ ಒಂದೇ ಅಳತೆ, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಒಂದು ಸುತ್ತು ಹೋಗಿ ಬನ್ನಿ. ದಿಕ್ಕಿನ ಬಾಣ ಇರುವ ಟೈರ್ ಆದರೆ ಎಡದ್ದು ಎಡಕ್ಕೇ ಇರಲಿ.

ಸ್ಟೆಪ್ನಿ

ಹಿಂದಿನ ಟೈರ್ ಅಗಲ ಇರುವ ಕಾರುಗಳಿಗೆ ಈ ಉಪಾಯ ನಡೆಯಲ್ಲ, ಇವರ ಅದೃಷ್ಟ ಚೆನ್ನಾಗಿದೆ.

ಎಂಟರ ಸುತ್ತು

ಲಿಮಿಟೆಡ್ ಸ್ಲಿಪ್ ಇದೆ ಅಂದ್ರಲ್ಲ, ಎಣ್ಣೆ ಯಾವುದು ಹಾಕಿದ್ದಾರೆ ನೋಡಿ. ಪ್ಲೇಟ್ ಇರೋ ಡಿಫರೆನ್ಷಿಯಲ್‌ಗೆ ಫ್ರಿಕ್ಷನ್ ಮಾಡಿಫೈಯರ್ ಇಲ್ಲದ ಎಣ್ಣೆ ಹಾಕಿದರೆ ಪ್ಲೇಟುಗಳು ಜಾರೋ ಬದಲು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದರೆ ಕಟಕಟ, ಗೊರಗೊರ ಅಂತ ಇಡೀ ಬಾಡಿ ನಡುಗುತ್ತೆ. ಎಣ್ಣೆ ಬದಲಿಸಿ, ಮಾಡಿಫೈಯರ್ ಸೇರಿಸಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಹತ್ತು ಹದಿನೈದು ಸುತ್ತು ಹಾಕಿ. ಹೊಸ ಎಣ್ಣೆ ಪ್ಲೇಟಿನ ಸಂದಿಗೆ ಇಳಿಯಬೇಕು. ನನ್ನದು ಹೀಗೇ ಸರಿ ಹೋಯ್ತು.

ಗ್ರೀಸ್‌ಕೈ

ಅದು ನಿಧಾನದ ತಿರುವಿನ ಕಾಯಿಲೆ. ಇವರದು 80ರಲ್ಲಿ ಜೋರಾಗೋದು. ಎರಡಕ್ಕೂ ಸಂಬಂಧ ಕಾಣ್ತಿಲ್ಲ.

ಎಂಟರ ಸುತ್ತು

ಎಣ್ಣೆ ನೋಡೋದರಲ್ಲಿ ನಷ್ಟ ಏನಿದೆ? ಡಿಫರೆನ್ಷಿಯಲ್ ಇಳಿಸೋದಕ್ಕಿಂತ ಎಣ್ಣೆ ಇಳಿಸೋದು ಸುಲಭ ತಾನೆ.

ಗ್ರೀಸ್‌ಕೈ

ಅದು ಸರಿ, ಒಪ್ಪಿದೆ. ಎಣ್ಣೆ ಇಳಿಸಿದರೆ ಆಯಸ್ಕಾಂತದ ಬೋಲ್ಟೂ ಕಾಣುತ್ತೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಡಿ, ಎಲ್ಲ ಗಾಡೀಲೂ ಇರುತ್ತೆ. ಬೆರಳಿಗೆ ಚುಚ್ಚೋ ಚೂರು, ಚಕ್ಕೆ ಸಿಕ್ಕರೆ ಗ್ಯಾರೇಜಿನವರ ಮಾತು ನಿಜ.

ಒಂದು ಮಾತು ನೆನಪಿಡಿ: ಮೊದಲು ಮೇಲಿನ ಬೋಲ್ಟ್ (ಎಣ್ಣೆ ತುಂಬೋದು) ಬಿಚ್ಚೋಕೆ ಬರುತ್ತಾ ನೋಡಿ. ಆಮೇಲೇ ಕೆಳಗಿನದು ತೆಗೀರಿ. ಎಣ್ಣೆ ಎಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲಿಂದ ಅಲ್ಲಾಡಲ್ಲ.

ಕಲ್ಲುಚೂರು

ನನ್ನ ಅನುಭವ ಹೇಳ್ತೀನಿ. ಎರಡು ವಾರ ಕರಕರ ಸದ್ದು, ಬೇರಿಂಗ್ ತರಿಸಿ ಇಟ್ಟುಕೊಂಡಿದ್ದೆ. ಚಕ್ರ ಬಿಚ್ಚಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ಮಧ್ಯೆ ಕಡಲೆಕಾಳಿನಷ್ಟು ಜಲ್ಲಿಚೂರು. ಸ್ಕ್ರೂ ಡ್ರೈವರಿನಲ್ಲಿ ತಳ್ಳಿದೆ, ಟಣ್ ಅಂತ ಬಿತ್ತು, ಮುಗೀತು.

ಹಳೇ ಸ್ಪ್ಯಾನರ್

ಹಿಂದೆ ಡಿಸ್ಕ್ ಇದ್ದೂ ಹ್ಯಾಂಡ್‌ಬ್ರೇಕಿಗೆ ಡಿಸ್ಕಿನ ನಡುವಿನ ಟೋಪಿಯೊಳಗೆ ಸಣ್ಣ ಡ್ರಮ್, ಶೂ ಇರುವ ಗಾಡಿಗಳಿವೆ. ಆ ಶೂನ ಲೈನಿಂಗ್ ಅಂಟು ಬಿಟ್ಟು ಕಳಚಿಕೊಂಡರೆ ಒಳಗೇ ಗಿರಕಿ ಹೊಡೆಯುತ್ತದೆ. ಹೊರಗಿನಿಂದ ನೋಡಿದರೆ ಪ್ಯಾಡ್ ಹೊಸದು, ಡಿಸ್ಕ್ ಹೊಸದು, ಆದರೂ ಗರಗರ. ಡಿಸ್ಕ್ ಬದಲಿಸಿದವರು ಶೂ ನೋಡಿರಲೇಬೇಕು, ಆದರೂ ಕೇಳಿಕೊಳ್ಳಿ. ಇಂಥ ಲೈನಿಂಗ್ ಚೂರು ಡ್ರಮ್ಮಿನೊಳಗೆ ಅಡ್ಡ ಸಿಕ್ಕಿ ಚಕ್ರವೇ ಹಿಡಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಹಿಂಚಕ್ರ

ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಎರಡು ಗಂಟೆ ಇದಕ್ಕೇ ಇಟ್ಟೆ.

ನ್ಯೂಟ್ರಲ್‌ಗೆ ತಂದರೆ ಸದ್ದು ಹಾಗೇ ಇದೆ. ಮೂರನೇ ಗೇರು, ಐದನೇ ಗೇರು ಎರಡರಲ್ಲೂ ಅದೇ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಬ್ರೇಕ್ ಒತ್ತಿದರೆ ಸ್ವಲ್ಪ ಕಡಿಮೆ ಆದ ಹಾಗೆ ಅನಿಸಿತು, ಖಚಿತವಾಗಿ ಹೇಳಲಾರೆ. ಹ್ಯಾಂಡ್‌ಬ್ರೇಕಿನಿಂದ ಏನೂ ಆಗಲಿಲ್ಲ. ಟೈರ್ ಸವರಿ ನೋಡಿದೆ, ನುಣುಪಾಗಿದೆ. ಮುಂದೆ ಹಿಂದೆ ಅದಲುಬದಲು ಮಾಡಿದೆ, ಸದ್ದು ಹಿಂದೆಯೇ ಉಳಿಯಿತು. ರಸ್ತೆ ಬದಲಾದರೂ ಅಷ್ಟೇ.

ಎಣ್ಣೆ ಇನ್ನೂ ಇಳಿಸಿಲ್ಲ, ನಾಳೆ ಮಾಡುತ್ತೇನೆ. 75ಡಬ್ಲ್ಯೂ-90 ಜಿಎಲ್-5 (ಗೇರ್ ಎಣ್ಣೆಯ ದಪ್ಪ ಮತ್ತು ದರ್ಜೆ) ತಂದಿಟ್ಟಿದ್ದೇನೆ.

ಮೂರನೇ ಗೇರ್

ಜಿಎಲ್-5 ಹಾಕಬೇಡಿ! ಹಿತ್ತಾಳೆ ತಿಂದು ಹಾಕುತ್ತೆ. ಜಿಎಲ್-4 ಹಾಕಿ.

ಹಳೇ ಸ್ಪ್ಯಾನರ್

ತಪ್ಪು ತಿಳಿವಳಿಕೆ. ನೀವು ಹೇಳುತ್ತಿರುವುದು ಗೇರ್‌ಬಾಕ್ಸಿನ ಮಾತು. ಅಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ (ಗೇರ್ ಬದಲಿಸುವಾಗ ವೇಗ ಸರಿಹೊಂದಿಸುವ ಬಳೆ) ಇರುತ್ತವೆ, ಜಿಎಲ್-5ರಲ್ಲಿರುವ ಗಂಧಕ-ರಂಜಕದ ಸಂಯುಕ್ತಗಳು ಕೆಲವು ಗೇರ್‌ಬಾಕ್ಸುಗಳಿಗೆ ಆಗಿಬರುವುದಿಲ್ಲ. ಹಿಂದಿನ ಡಿಫರೆನ್ಷಿಯಲ್ಲಿಗೆ ಬೇಕಾಗಿರುವುದೇ ಅವು.

ಕಾರಣ ಹೇಳುತ್ತೇನೆ. ಇಲ್ಲಿ ಇರುವುದು ಹೈಪಾಯಿಡ್ ಗೇರ್. ಪಿನಿಯನ್ನು ಕ್ರೌನ್ ವೀಲಿನ ನಡುಗೆರೆಗೆ ನೇರವಾಗಿ ಬಾರದೆ ಅದಕ್ಕಿಂತ ಕೆಳಗೆ ಬಂದು ಕೂಡುತ್ತದೆ. 1926ರಲ್ಲಿ ಪ್ಯಾಕಾರ್ಡ್ ಕಂಪನಿ ತನ್ನ ಕಾರುಗಳಿಗೆ ಇದನ್ನು ಹಾಕಿತು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿಯಿತು, ಅದರಿಂದ ಕಾರಿನ ನೆಲವನ್ನೂ ಕೆಳಗಿಳಿಸಲು ಬಂತು, ಸದ್ದೂ ತಗ್ಗಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ. ಆ ಉಜ್ಜಾಟದಲ್ಲಿ ಮಾಮೂಲಿ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಜಿಎಲ್-5. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ, ಮುಗಿಯಿತು.

ಮೂರನೇ ಗೇರ್

ಸರಿ ಸರ್, ಗೇರ್‌ಬಾಕ್ಸ್ ಅಂದುಕೊಂಡೇ ಬರೆದೆ. ತಪ್ಪಾಯ್ತು.

ಸ್ಟೆಪ್ನಿ

ಟಾರ್ಸೆನ್ ಥರದ ಲಿಮಿಟೆಡ್ ಸ್ಲಿಪ್ ಆದರೆ ಮಾಡಿಫೈಯರ್ ಬೇಕಾ?

ಹಳೇ ಸ್ಪ್ಯಾನರ್

ಸಾಮಾನ್ಯವಾಗಿ ಬೇಡ. ಅದರ ಹಿಡಿತ ಬರುವುದು ಗೇರುಗಳ ನಡುವಿನ ಘರ್ಷಣೆಯಿಂದ, ತೇವದಲ್ಲಿ ಜಾರಬೇಕಾದ ಕ್ಲಚ್ ಪ್ಲೇಟಿನ ಕಂತೆ ಅದರಲ್ಲಿಲ್ಲ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಆದರೆ ಇವರದು ಪ್ಲೇಟಿನದ್ದು, ನಾವು ದಾರಿ ತಪ್ಪುತ್ತಿದ್ದೇವೆ.

ಲೆಕ್ಕದವ

ಸದ್ದನ್ನು ಎಣಿಸಬಹುದು, ಎಣಿಸಿ. 225/45 ಆರ್17 ಟೈರಿನ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ 5.6 ಮೀಟರ್, ಚಕ್ರ ಸೆಕೆಂಡಿಗೆ 2.8 ಸುತ್ತು. ಐದು ಸೆಕೆಂಡಿಗೆ 14. ನಿಮ್ಮ ರೇಷಿಯೋ 4.1, ಹಾಗಾಗಿ ಪಿನಿಯನ್ನೂ ಪ್ರೊಪೆಲ್ಲರ್ ಶಾಫ್ಟೂ ಅದೇ ಐದು ಸೆಕೆಂಡಿನಲ್ಲಿ 57 ಸುತ್ತು ಹಾಕುತ್ತವೆ. 14ಕ್ಕೂ 57ಕ್ಕೂ ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲಿ 20ರಲ್ಲಿ ಹೋಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಎಣಿಸಿ.

ಹಿಂಚಕ್ರ

20ರಲ್ಲಿ ಗೋಡೆಯ ಪಕ್ಕ ಹೋದಾಗ ಶರ್... ಶರ್... ಶರ್... ಅಂತ ಬಿಟ್ಟು ಬಿಟ್ಟು ಬರುತ್ತದೆ. ಈಗ ಎಣಿಸಿದೆ. ಐದು ಸೆಕೆಂಡಿಗೆ ಒಮ್ಮೆ 14, ಇನ್ನೊಮ್ಮೆ 15!

ಲೆಕ್ಕದವ

ಹಾಗಾದರೆ ಚಕ್ರದ ವೇಗ. ಪಿನಿಯನ್ ನಿರಪರಾಧಿ.

ಹಳೇ ಸ್ಪ್ಯಾನರ್

ಪಿನಿಯನ್ ಮಾತ್ರ ನಿರಪರಾಧಿ. ಕ್ರೌನ್ ವೀಲು, ಅದನ್ನು ಹೊತ್ತ ಎರಡು ಬೇರಿಂಗು ಇವೂ ಚಕ್ರದ ವೇಗದಲ್ಲೇ ತಿರುಗುತ್ತವೆ. ಡಿಫರೆನ್ಷಿಯಲ್ಲನ್ನು ಇನ್ನೂ ಬಿಡುಗಡೆ ಮಾಡುವ ಹಾಗಿಲ್ಲ.

ಲೆಕ್ಕದವ

ಹೌದು, ಸರಿಯಾಗಿ ಹೇಳಿದಿರಿ. ಅದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ನೇರಮಾತು

ಎಲ್ಲ ಬಿಡಿ, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಗೇರ್ ಹಾಕಿ ಓಡಿಸಿ, ಒಬ್ಬರು ಕೆಳಗೆ ಹೋಗಿ ಕೇಳಿ. ಐದು ನಿಮಿಷದ ಕೆಲಸ.

ಅಲೈನ್‌ಮೆಂಟ್ ಅಕ್ಕ

ದಯವಿಟ್ಟು ಹಾಗೆ ಹೇಳಬೇಡಿ. ಚಕ್ರ ತಿರುಗುತ್ತಿರುವ ಕಾರಿನ ಕೆಳಗೆ ಯಾರೂ ಹೋಗಬಾರದು. ಲಿಮಿಟೆಡ್ ಸ್ಲಿಪ್ ಇರುವ ಕಾರಿನಲ್ಲಿ ಒಂದು ಚಕ್ರ ನೆಲಕ್ಕೆ ತಾಗಿದರೂ ಸಾಕು, ಕಾರು ಸ್ಟ್ಯಾಂಡಿನಿಂದ ಹಾರಿ ಹೋಗುತ್ತದೆ. ಸಾಲದ್ದಕ್ಕೆ ಸಸ್ಪೆನ್ಷನ್ ಪೂರ್ತಿ ಕೆಳಗೆ ಜೋತುಬಿದ್ದಿರುತ್ತದೆ. ಆಕ್ಸಲಿನ ಸಿವಿ ಜಾಯಿಂಟು (ಬಾಗಿದರೂ ತಿರುಗುವ ಕೀಲು) ರಸ್ತೆಯಲ್ಲಿ ಎಂದೂ ಬಾರದ ಕೋನಕ್ಕೆ ಬಾಗಿ, ಇಲ್ಲದ ಸದ್ದನ್ನೂ ಹುಟ್ಟಿಸುತ್ತದೆ. ಅಷ್ಟು ಅಪಾಯ ತೆಗೆದುಕೊಂಡು ಕೊನೆಗೆ ಸಿಗುವುದು ಸುಳ್ಳು ಸಾಕ್ಷಿ.

ಎಂಜಿನ್ ಬಂದ್ ಇರಲಿ, ಮುಂದಿನ ಚಕ್ರಕ್ಕೆ ಅಡ್ಡ ಇಡಿ, ಜಾಕಿ ನಂಬಬೇಡಿ, ಎರಡೂ ಕಡೆ ಸ್ಟ್ಯಾಂಡ್ ಕೊಡಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಇಳಿಸಿ, ಕೈಯಲ್ಲೇ ತಿರುಗಿಸಿ.

ನೇರಮಾತು

ಸಿವಿ ಜಾಯಿಂಟ್ ಕೋನದ ಮಾತು ನನಗೆ ಹೊಳೆದಿರಲಿಲ್ಲ. ಒಪ್ಪಿದೆ, ಹಾಗೆ ಮಾಡಬೇಡಿ.

ಗ್ರೀಸ್‌ಕೈ

ಸರ್, ಎರಡು ಪ್ರಶ್ನೆ ಉಳಿದಿವೆ. ಒಂದು, ತಿರುವಿನ ಉತ್ತರ ನೀವು ಕೊಡಲೇ ಇಲ್ಲ. ಎರಡು, ಇದನ್ನ ಯೋಚನೆ ಮಾಡಿ ಹೇಳಿ: 20ರಲ್ಲಿ ಬಿಟ್ಟು ಬಿಟ್ಟು ಬರೋ ಈ ಶರ್ ಶರ್, ಬೇರಿಂಗ್ ಬದಲಿಸೋಕೆ ಮುಂಚೆನೂ ಇತ್ತಾ? ಮೊದಲ ಸಲ ಬರೆದಾಗ 40ರ ಮೇಲೆ ಬೀಸುಕಲ್ಲಿನ ಹಾಗೆ ಅಂದ್ರಿ. ಬೀಸುಕಲ್ಲು ಒಂದೇ ಸಮ ಗೊರ್ರ್ ಅನ್ನುತ್ತೆ, ಬಿಟ್ಟು ಬಿಟ್ಟು ಬರಲ್ಲ.

ಹಿಂಚಕ್ರ

ತಿರುವಿನದು ಮರೆತೇಬಿಟ್ಟಿದ್ದೆ. ಉದ್ದನೆ ಬಲ ತಿರುವಿನಲ್ಲಿ ಜೋರಾಗುತ್ತದೆ, ಎಡ ತಿರುವಿನಲ್ಲಿ ಹತ್ತಿರ ಹತ್ತಿರ ನಿಂತೇ ಹೋಗುತ್ತದೆ. ಗ್ಯಾರೇಜಿನಲ್ಲೂ ಇದನ್ನೇ ಹೇಳಿದ್ದೆ, ಅದಕ್ಕೇ ಬಲಗಡೆ ಬೇರಿಂಗ್ ಹಾಕಿದರು.

ನಿಮ್ಮ ಎರಡನೇ ಪ್ರಶ್ನೆಗೆ ತುಂಬಾ ಹೊತ್ತು ಕೂತು ಯೋಚಿಸಿದೆ. ಇರಲಿಲ್ಲ. ನಿಧಾನ ಹೋಗುವಾಗ ಸದ್ದೇ ಇರಲಿಲ್ಲ. ಬೇರಿಂಗ್ ಬದಲಿಸಿದ ಮೇಲೆ ಸದ್ದು ಹೋಗಲಿಲ್ಲ ಅನ್ನುವ ಬೇಸರದಲ್ಲಿ, ಅದು ಬೇರೆ ಥರ ಆಗಿದೆ ಅನ್ನುವುದನ್ನು ಗಮನಿಸಲೇ ಇಲ್ಲ.

ಗ್ರೀಸ್‌ಕೈ

ಹಾಗಾದ್ರೆ ನಿಮ್ಮ ಗಾಡೀಲಿ ಇರೋದು ಒಂದು ಸದ್ದಲ್ಲ, ಎರಡು.

ಮೊದಲನೇದು: ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ವಾಲುತ್ತೆ. ಎಡಗಡೆ ಚಕ್ರದ ಬೇರಿಂಗ್ ಮೇಲೆ ಒತ್ತಡ ಬೀಳುತ್ತೆ. ಬಲ ತಿರುವಿನಲ್ಲಿ ಜೋರಾದ್ರೆ ಮೊದಲು ಅನುಮಾನ ಪಡಬೇಕಾದ್ದು ಎಡಗಡೆ ಬೇರಿಂಗನ್ನ. ಅವರು ಬಲಗಡೆ ಬದಲಿಸಿದ್ದಾರೆ.

ಎರಡನೇದು: ಬೇರಿಂಗ್ ಕೀಳುವಾಗ, ಒತ್ತುವಾಗ ಡಿಸ್ಕಿನ ಹಿಂದಿನ ತೆಳು ತಗಡು ಬಾಗಿರೋ ಸಾಧ್ಯತೆ ಬಹಳ. ಅದು ಡಿಸ್ಕಿಗೆ ಒಂದು ಜಾಗದಲ್ಲಿ ಸವರ್ತಾ ಇದ್ರೆ ಸುತ್ತಿಗೊಂದು ಸಲ ಶರ್ ಅನ್ನುತ್ತೆ. ಅದೇ ನಿಮ್ಮ 14.

ಕಲ್ಲುಚೂರು

ತಗಡು! ನಾನು ಹೇಳಿದ್ದೆ!

ಹಳೇ ಸ್ಪ್ಯಾನರ್

ಗ್ರೀಸ್‌ಕೈ ಹೇಳಿದ್ದು ಬಹುಪಾಲು ಸರಿ, ಆದರೆ ತಿರುವಿನ ಸೂತ್ರವನ್ನೇ ಪೂರ್ತಿ ನಂಬಬೇಡಿ. ಹಬ್ (ಚಕ್ರ ಕೂರುವ ನಡುಭಾಗ) ಬೇರಿಂಗಿನಲ್ಲಿ ಗುಂಡುಗಳು ಎರಡು ಸಾಲು ಇರುತ್ತವೆ. ಕೆಟ್ಟಿರುವುದು ಯಾವ ಸಾಲು ಅನ್ನುವುದರ ಮೇಲೆ, ಭಾರ ಇಳಿದ ಕಡೆಯೇ ಸದ್ದು ಮಾಡಿದ್ದೂ ಉಂಟು. ಇನ್ನು ಕಿವಿಯನ್ನಂತೂ ನಂಬಲೇಬೇಡಿ, ಸದ್ದು ಬಾಡಿಯ ತಗಡಿನಲ್ಲಿ ಹರಿದು ಎಲ್ಲಿಂದಲೋ ಬಂದ ಹಾಗೆ ಕೇಳುತ್ತದೆ. ಇನ್ನೊಂದು ಬೇರಿಂಗನ್ನೂ ಅಂದಾಜಿನ ಮೇಲೆ ಬದಲಿಸುವುದು ಬೇಡ.

ಕೈ ನಂಬಿ. ಸ್ಟ್ಯಾಂಡ್ ಮೇಲಿಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳ ತುದಿಯನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗಿನ ಮೇಲೆ ಮೆಲ್ಲಗೆ ಇಡಿ. ಕಿವಿಗೆ ಕೇಳದ ಒರಟು ಬೆರಳಿಗೆ ಸಿಗುತ್ತದೆ. ಎಡ ಬಲ ಎರಡೂ ನೋಡಿ ಹೋಲಿಸಿ. ಲಿಮಿಟೆಡ್ ಸ್ಲಿಪ್ ಇರುವುದರಿಂದ ಚಕ್ರ ಭಾರವಾಗಿ ತಿರುಗುತ್ತದೆ, ಒಂದನ್ನು ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗುತ್ತದೆ, ಅದಕ್ಕೆ ಗಾಬರಿ ಬೇಡ.

ಹಗಲುರಾತ್ರಿ

ಡಿಕ್ಕಿಯಲ್ಲಿ ಜಾಕಿ ಸಡಿಲ ಇದೆಯಾ ನೋಡಿದ್ದೀರಾ? ನನ್ನ ತಮ್ಮ ಒಂದು ತಿಂಗಳು ಸಸ್ಪೆನ್ಷನ್ ಬುಷ್ ಬದಲಿಸುತ್ತಾ ಕೂತಿದ್ದ, ಕೊನೆಗೆ ಜಾಕಿಯ ಹಿಡಿ.

ಸ್ಟೆಪ್ನಿ

ಐದು ಸೆಕೆಂಡಿಗೆ 14 ಸಲ ಸರಿಯಾಗಿ ತಾಳ ಹಾಕೋ ಜಾಕಿ ಇರಲ್ಲ ಬಿಡಿ.

ಹಿಂಚಕ್ರ

ಮುಗಿಯಿತು! ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾದೀತು.

ಮೊದಲು ಎಣ್ಣೆ ಇಳಿಸಿದೆ. ಆಯಸ್ಕಾಂತದ ಮೇಲೆ ಬೂದು ಪೇಸ್ಟ್ ಮಾತ್ರ, ಎರಡು ಬೆರಳ ನಡುವೆ ತಿಕ್ಕಿದರೆ ಬೆಣ್ಣೆಯಷ್ಟು ನುಣುಪು. ಒಂದು ಚೂರೂ ಇಲ್ಲ. ಅಲ್ಲಿಗೆ ಡಿಫರೆನ್ಷಿಯಲ್ಲಿನ ಭಯ ಹೋಯಿತು.

ಆಮೇಲೆ ಸ್ಪ್ರಿಂಗ್. ಬಲಗಡೆ ಬೆರಳಿಟ್ಟು ಚಕ್ರ ತಿರುಗಿಸಿದೆ, ಏನೂ ಇಲ್ಲ, ಬರೀ ತಣ್ಣನೆ ಕಬ್ಬಿಣ. ಎಡಗಡೆ ಇಟ್ಟೆ. ಸಣ್ಣ ಮರಳನ್ನು ಗಾಜಿನ ಮೇಲೆ ಉಜ್ಜಿದಂಥ ಒರಟು ಬೆರಳಿನಲ್ಲಿ ಹರಿಯಿತು. ಕಿವಿಗೆ ಏನೂ ಕೇಳುತ್ತಿರಲಿಲ್ಲ! ಹೆಂಡತಿಯನ್ನೂ ಕರೆದು, ಯಾವ ಕಡೆ ಅಂತ ಹೇಳದೆ ಎರಡೂ ಮುಟ್ಟಿಸಿದೆ. ತಕ್ಷಣ ಎಡಗಡೆಯದನ್ನೇ ತೋರಿಸಿದಳು.

ಬಲಗಡೆ ಚಕ್ರ ಬಿಚ್ಚಿದಾಗ ತಗಡು ಕಂಡಿತು. ಇಡೀ ತಗಡಿಗೆ ಕಂದು ತುಕ್ಕು, ಕೆಳ ಅಂಚಿನಲ್ಲಿ ಮಾತ್ರ ಒಂದು ಬೆರಳುದ್ದದ ಜಾಗ ಕನ್ನಡಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿರದಲ್ಲೇ ಏನೋ ಚಪ್ಪಟೆ ಸಾಮಾನು ಇಟ್ಟು ಮೀಟಿದ ಗುರುತು. ಕೈಯಲ್ಲೇ ಹೊರಕ್ಕೆ ಬಗ್ಗಿಸಿದೆ, ಎರಡು ಮಿಲಿಮೀಟರ್ ಸಂದಿ ಬಂತು. ಚಕ್ರ ಹಾಕಿ 20ರಲ್ಲಿ ಗೋಡೆಯ ಪಕ್ಕ ಹೋದೆ. ಶರ್ ಶರ್ ಇಲ್ಲ. 60ಕ್ಕೆ ಹೋದೆ, ಹಳೆಯ ಗೊರ್ರ್ ಒಂದೇ ಉಳಿದಿತ್ತು. ನಾಲ್ಕು ತಿಂಗಳ ಹಿಂದಿನದು, ಅದೇ.

ಐದು ವಾರದ ಹಿಂದೆ ಬಲಗಡೆಯಿಂದ ಕಿತ್ತ ಬೇರಿಂಗ್ ಪೆಟ್ಟಿಗೆಯಲ್ಲೇ ಇತ್ತು. ಅದನ್ನೂ ಒರೆಸಿ ನೋಡಿದೆ. ಹೊರ ರಿಂಗಿನ ಎರಡೂ ಹಾದಿ ಕಲೆಯಿಲ್ಲದೆ ಹೊಳೆಯುತ್ತಿವೆ. ಪಾಪ, ಚೆನ್ನಾಗಿದ್ದ ಬೇರಿಂಗ್.

ಎಡಗಡೆ ಬೇರಿಂಗ್ ನಾಳಿದ್ದು, ಬೇರೆ ಕಡೆ ಹಾಕಿಸುತ್ತಿದ್ದೇನೆ.

ಅಲೈನ್‌ಮೆಂಟ್ ಅಕ್ಕ

ಹೆಂಡತಿಗೆ ಹೇಳದೆ ಮುಟ್ಟಿಸಿದ್ದು ತುಂಬಾ ಒಳ್ಳೆ ಕೆಲಸ. ಎಡಗಡೆ ಅಂತ ಮೊದಲೇ ಮನಸ್ಸಿನಲ್ಲಿದ್ದರೆ ಬೆರಳೂ ಹಾಗೇ ಹೇಳುತ್ತದೆ.

ಎಂಟರ ಸುತ್ತು

ಎಣ್ಣೆ ತುಂಬುವಾಗ ಗಾಡಿ ಮಟ್ಟಸ ಇತ್ತಾ? ಹಿಂದೆ ಮಾತ್ರ ಎತ್ತಿದ್ರೆ ಎಣ್ಣೆ ಮುಂದಕ್ಕೆ ಹರಿದು, ತೂತು ಹಿಂದೆ ಇರೋ ಗಾಡೀಲಿ ಹೆಚ್ಚು ಹಿಡಿಯುತ್ತೆ. ನೆಲಕ್ಕಿಳಿಸಿ ಇನ್ನೊಂದ್ಸಲ ಮಟ್ಟ ನೋಡಿ.

ಹಿಂಚಕ್ರ

ಹಿಂದೆ ಮಾತ್ರ ಎತ್ತಿದ್ದೆ. ನಾಲ್ಕೂ ಕಡೆ ಸಮನಾಗಿ ಎತ್ತಿ ಬೋಲ್ಟ್ ತೆಗೆದೆ, ಒಂದು ಲೋಟದಷ್ಟು ಹೊರಗೆ ಬಂತು. ಹೇಳಿದ್ದು ಒಳ್ಳೆಯದಾಯಿತು.

ಗ್ರೀಸ್‌ಕೈ

ಹೊಸ ಬೇರಿಂಗ್ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ ಸರ್. ಸುತ್ತಿಗೆ ಕೈಗೆತ್ತಿಕೊಂಡ್ರೆ ಬೇಡ ಅನ್ನಿ, ಪ್ರೆಸ್‌ನಲ್ಲೇ ಆಗಬೇಕು. ಕ್ಯಾರಿಯರ್ (ಬೇರಿಂಗ್ ಹಿಡಿಯೋ ಗೂಡು) ಒಳಗೆ ಕೂರಿಸುವಾಗ ಹೊರ ರಿಂಗ್ ಮೇಲೆ ಮಾತ್ರ ಒತ್ತಬೇಕು. ಒಳ ರಿಂಗ್ ಮೇಲೆ ಒತ್ತಿದ್ರೆ ಆ ಬಲ ಎಲ್ಲ ಗುಂಡಿನ ಮೂಲಕ ಹಾದು ಹಾದಿಯಲ್ಲಿ ಸಣ್ಣ ಸಣ್ಣ ತಗ್ಗು ಬೀಳುತ್ತೆ. ಹೊಸ ಬೇರಿಂಗ್ ಅಲ್ಲೇ ಹಳೇದಾಯ್ತು. ಹಬ್ ಒತ್ತುವಾಗ ಇದರ ಉಲ್ಟಾ, ಒಳ ರಿಂಗಿಗೆ ಕೆಳಗಿನಿಂದ ಆಸರೆ ಕೊಡಬೇಕು.

ಎಬಿಎಸ್ ಸೆನ್ಸರ್ ಓದೋ ಆಯಸ್ಕಾಂತದ ಪಟ್ಟಿ ಬೇರಿಂಗಿನ ಒಂದು ಮಗ್ಗುಲಲ್ಲೇ ಇದ್ರೆ, ಆ ಮಗ್ಗುಲು ಸೆನ್ಸರ್ ಕಡೆಗೆ ಬರಬೇಕು. ತಿರುಗಾಮುರುಗಾ ಆದ್ರೆ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ದೀಪ ಹತ್ತುತ್ತೆ, ಮತ್ತೆ ಎಲ್ಲ ಬಿಚ್ಚಬೇಕು.

ಹಳೇ ಸ್ಪ್ಯಾನರ್

ಆಕ್ಸಲ್ ನಟ್ ಬಿಗಿ ಮಾಡುವ ಮೊದಲು ಗಾಡಿಯ ಭಾರ ಚಕ್ರದ ಮೇಲೆ ಬೀಳಬಾರದು. ನಟ್ ಸಡಿಲ ಇದ್ದಾಗ ನೆಲಕ್ಕಿಳಿಸಿ ಒಂದಡಿ ತಳ್ಳಿದರೂ ಹೊಸ ಬೇರಿಂಗಿಗೆ ಪೆಟ್ಟು. ಟಾರ್ಕ್ ಪುಸ್ತಕದಲ್ಲಿ ಇದ್ದಷ್ಟೇ ಕೊಡಿ, ಅಂದಾಜು ಬೇಡ. ಅಂಚು ಮಡಚುವ ಜಾತಿಯ ನಟ್ ಆದರೆ ಹಳೆಯದನ್ನು ಮತ್ತೆ ಹಾಕಬಾರದು.

ಹಿಂಚಕ್ರ

ಹಾಕಿಸಿಕೊಂಡು ಬಂದೆ. ಪೂರ್ತಿ ಕೆಲಸ ನಿಂತು ನೋಡಿದೆ, ನೀವಿಬ್ಬರೂ ಹೇಳಿದ್ದನ್ನು ಕೇಳಿಕೊಂಡೇ ಮಾಡಿದರು, ಬೇಸರ ಮಾಡಿಕೊಳ್ಳಲಿಲ್ಲ. ಕಿತ್ತ ಬೇರಿಂಗಿನ ಹಾದಿಯಲ್ಲಿ ಉಗುರಿನಷ್ಟು ಅಗಲ ಚಕ್ಕೆ ಎದ್ದಿತ್ತು, ಗ್ರೀಸ್ ಕಪ್ಪಾಗಿ ಒಣಗಿತ್ತು.

80ರಲ್ಲಿ ಹೋದೆ. ಬಲ ತಿರುವು, ಎಡ ತಿರುವು, ನೇರ. ಎಂಜಿನ್ ಸದ್ದು, ಗಾಳಿ ಸದ್ದು, ಅಷ್ಟೇ. ಈ ಕಾರಿನ ಎಕ್ಸಾಸ್ಟ್ ಇಷ್ಟು ಚೆನ್ನಾಗಿ ಕೇಳುತ್ತದೆ ಅನ್ನುವುದೇ ಮರೆತುಹೋಗಿತ್ತು. ಎಲ್ಲರಿಗೂ ಮನಸಾರೆ ಧನ್ಯವಾದ. ಗ್ರೀಸ್‌ಕೈ ಅವರೇ, ಆ ಎರಡನೇ ಪ್ರಶ್ನೆ ನೀವು ಕೇಳದಿದ್ದರೆ ನಾನು ಡಿಫರೆನ್ಷಿಯಲ್ ಇಳಿಸಿಯೇಬಿಡುತ್ತಿದ್ದೆ.

ನೇರಮಾತು

ಡಿಫರೆನ್ಷಿಯಲ್ ಅಂತ ಮೊದಲು ಬರೆದವನು ನಾನು. ತಪ್ಪಾಗಿತ್ತು. ಸರಿ ಹೋದದ್ದು ಖುಷಿ.

ಹಳೇ ಸ್ಪ್ಯಾನರ್

ನಟ್ ಹೊಸದು ತಾನೆ?

ಹಿಂಚಕ್ರ

ಹೊಸದೇ ಸರ್. ಅಂಚು ಮಡಚಿದ್ದನ್ನೂ ಬಗ್ಗಿ ನೋಡಿದೆ.